ತೆಗೆದವರು ಯಾರು?

ನಮಸ್ಕಾರ.

ಲಿನಕ್ಸ್ ಕರ್ನಲ್‌ನಿಂದ, ಅಂದರೆ ಕಂಪ್ಯೂಟರಿನ ಯಂತ್ರಭಾಗಗಳನ್ನು ನಡೆಸುವ ಲಿನಕ್ಸ್‌ನ ತಿರುಳು ತಂತ್ರಾಂಶದಿಂದ, ಹಳೇ ಸೌಲಭ್ಯಗಳನ್ನು ತೆಗೆಯುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಕನ್ನಡದಲ್ಲಿ ಇಂಥ ವಿಷಯಕ್ಕೆ ಕೈ ಹಾಕುವವರು ಕಡಿಮೆ. ಓದಿಕೊಂಡೇ ಬರೆದಿದ್ದೀರಿ, ಭಾಷೆಯೂ ಸರಳವಾಗಿದೆ. ಆದರೆ ಓದುತ್ತಾ ಹೋದಂತೆ ನನಗೆ ಸಿಟ್ಟು ಬಂತು. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಮೊದಲ ಸಾಲು: ‘2013ರಲ್ಲಿ, 3.8 ಆವೃತ್ತಿಯಲ್ಲಿ, 386 ಪ್ರೊಸೆಸರ್ ಬೆಂಬಲವನ್ನು ತೆಗೆದುಹಾಕಲಾಯಿತು.’

386 ಅಂದರೆ ಇಂಟೆಲ್‌ನ ಹಳೇ ಪ್ರೊಸೆಸರ್ ಚಿಪ್. ಅದನ್ನು ಯಾರು ತೆಗೆದರು? ಕರ್ನಲ್ ಬರೆಯುವವರಲ್ಲಿ ಒಬ್ಬರಾದ ಇಂಗೋ ಮೊಲ್ನಾರ್ ಬದಲಾವಣೆ ಕಳಿಸಿದರು, ಲಿನಸ್ ಟೊರ್ವಾಲ್ಡ್ಸ್ ಸೇರಿಸಿಕೊಂಡರು. ಇದೇ ಲಿನಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದ್ದು 386 ಇದ್ದ ಕಂಪ್ಯೂಟರಿನಲ್ಲೇ. ಯಾಕೆ ತೆಗೆದರು ಅನ್ನುವುದೂ ನಿಮ್ಮ ಸಾಲಿನಲ್ಲಿಲ್ಲ. ಮುಂದಿನ ಪ್ರೊಸೆಸರ್‌ಗಳಲ್ಲಿ ಬಂದ, ಒಂದು ಮೌಲ್ಯವನ್ನು ಹೋಲಿಸಿ ಅದೇ ಹೆಜ್ಜೆಯಲ್ಲಿ ಬದಲಿಸುವ ಕಂಪೇರ್-ಎಕ್ಸ್‌ಚೇಂಜ್ ಸೂಚನೆ 386ರಲ್ಲಿ ಇರಲಿಲ್ಲ. ಹಲವು ಪ್ರೊಸೆಸರ್‌ಗಳ ನಡುವೆ ಹೊಂದಾಣಿಕೆ ಮಾಡುವ ಕೋಡ್ ಮುಟ್ಟಿದಾಗೆಲ್ಲ ಈ ಹಳೇ ಚಿಪ್‌ಗೆ ಬೇರೆ ದಾರಿ ಮಾಡಿಕೊಡಬೇಕಿತ್ತು. ಆ ಹೆಚ್ಚಿನ ಕೆಲಸ ಮಾಡಿ ಸಾಕಾದವರು ಅದನ್ನು ತೆಗೆದರು. ‘ತೆಗೆದುಹಾಕಲಾಯಿತು’ ಅಂದ ಕೂಡಲೇ ಈ ಜನರೆಲ್ಲ ಕಾಣೆಯಾದರು, ಅಲ್ವಾ?

ಎರಡನೇ ಸಾಲು: ‘ಡೆವ್‌ಎಫ್‌ಎಸ್ ತೆಗೆಯಲು ಯೋಜಿಸಲಾಗಿತ್ತು, ಅದರಂತೆ ತೆಗೆಯಲಾಯಿತು.’

ಡೆವ್‌ಎಫ್‌ಎಸ್ ಅಂದರೆ ಡಿಸ್ಕ್, ಕೀಬೋರ್ಡ್‌ನಂಥ ಸಾಧನಗಳನ್ನು ಕಡತಗಳಾಗಿ ತೋರಿಸುತ್ತಿದ್ದ ಕರ್ನಲ್ ಭಾಗ. ಇಲ್ಲಿ ‘ಅದರಂತೆ’ ತಪ್ಪು. ಕರ್ನಲ್ ದಾಖಲೆಗಳ ಜೊತೆ ಆಗ ಒಂದು ಕಡತ ಇರುತ್ತಿತ್ತು, ಯಾವುದನ್ನು ಯಾವಾಗ ತೆಗೆಯುತ್ತೇವೆ ಅಂತ ಬರೆದಿಡುವ ಪಟ್ಟಿ. ಡೆವ್‌ಎಫ್‌ಎಸ್ ಮುಂದೆ ಬರೆದಿದ್ದದ್ದು ಜುಲೈ 2005. ಅದು ನಿಜವಾಗಿ ಹೋದದ್ದು 2.6.18ರಲ್ಲಿ. ಆ ಆವೃತ್ತಿ ಬಂದದ್ದು ಸೆಪ್ಟೆಂಬರ್ 2006ಕ್ಕೆ. ಬದಲಿಗೆ ಅದೇ ಕೆಲಸ ಮಾಡುವ ಯುಡೆವ್ ಸಿದ್ಧವಿತ್ತು, ಡೆವ್‌ಎಫ್‌ಎಸ್ ನೋಡಿಕೊಳ್ಳುವವರು ಇರಲಿಲ್ಲ, ಆದರೂ ತಡವಾಯಿತು. ಆ ಒಂದು ವರ್ಷದ ಎಳೆದಾಟವೇ ನಿಮ್ಮ ಲೇಖನದ ಜೀವ. ಅದನ್ನು ನೀವು ಒಂದು ‘ಅದರಂತೆ’ಯಲ್ಲಿ ದಾಟಿಬಿಟ್ಟಿರಿ.

ಇನ್ನೊಂದು ವಿಷಯ. ಆ ಪಟ್ಟಿಯಲ್ಲಿ ಪ್ರತಿ ಸೌಲಭ್ಯಕ್ಕೂ ಏನು, ಯಾವಾಗ, ಯಾಕೆ, ಯಾರು ಅಂತ ಸಾಲುಗಳಿದ್ದವು. ಡೆವ್‌ಎಫ್‌ಎಸ್‌ನ ‘ಯಾರು’ ಸಾಲಿನಲ್ಲಿ ಕರ್ನಲ್ ಬರೆಯುವ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಹೆಸರಿತ್ತು. ಬೈಯುವವರು ಯಾರನ್ನು ಬೈಯಬೇಕು ಅನ್ನುವುದು ಅಲ್ಲೇ ಇತ್ತು. 2012ರಲ್ಲಿ ಲಿನಸ್ ಆ ಪಟ್ಟಿಯನ್ನೇ ತೆಗೆದರು. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ!

ನಾನು ಕೆಲಸ ಕಲಿತದ್ದು ಒಂದು ಪತ್ರಿಕೆಯ ಸುದ್ದಿಮೇಜಿನಲ್ಲಿ. ಸಂಜೆಯಾದರೆ ಸರ್ಕಾರಿ ಪ್ರಕಟಣೆಗಳು ಬಂದು ಬೀಳುತ್ತಿದ್ದವು. ‘ಕ್ರಮ ಕೈಗೊಳ್ಳಲಾಗುವುದು’, ‘ತೆರವುಗೊಳಿಸಲಾಗಿದೆ’. ನಮ್ಮ ಮುಖ್ಯ ಉಪಸಂಪಾದಕರು ಕೆಂಪು ಶಾಯಿಯಲ್ಲಿ ಆ ‘ಲಾಗಿದೆ’ಗಳಿಗೆ ಸುತ್ತು ಹಾಕಿ, ಹಾಳೆಯನ್ನು ನಮ್ಮ ಕಡೆ ತಳ್ಳಿ, ‘ಫೋನ್ ಮಾಡಿ ಕೇಳ್ರಪ್ಪ, ಯಾರು ಅಂತ’ ಅನ್ನುತ್ತಿದ್ದರು. ಫೋನ್ ಮಾಡಿದರೆ ಸುದ್ದಿಯೇ ಬದಲಾಗುತ್ತಿತ್ತು. ‘ಗೂಡಂಗಡಿ ತೆರವುಗೊಳಿಸಲಾಗಿದೆ’ ಅನ್ನುವ ಸಾಲಿನ ಹಿಂದೆ ನೋಟಿಸ್ ಕೊಟ್ಟ ಅಧಿಕಾರಿ ಒಬ್ಬರು, ನೋಟಿಸ್ ಓದಲು ಬಾರದ ಅಂಗಡಿಯಮ್ಮ ಒಬ್ಬರು ಸಿಗುತ್ತಿದ್ದರು. ಇವತ್ತಿಗೂ ‘ಲಾಯಿತು’ ಕಂಡರೆ ನನ್ನ ಕೈ ಪೆನ್ನಿಗೆ ಹೋಗುತ್ತದೆ.

ಆದ್ದರಿಂದಲೇ ನಿಮ್ಮ ಮೂರನೇ ಸಾಲು ನನ್ನನ್ನು ಜಾಸ್ತಿ ಕಾಡಿತು: ‘ರೈಸರ್‌ಎಫ್‌ಎಸ್ ಬಳಕೆದಾರರಿಗೆ ಮುನ್ಸೂಚನೆ ನೀಡಲಾಯಿತು.’

ಯಾರಿಗೆ? ಹೇಗೆ? ರೈಸರ್‌ಎಫ್‌ಎಸ್ ಒಂದು ಫೈಲ್ ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನ. ಅದು ಯಾರ ಯಾರ ಡಿಸ್ಕ್‌ನಲ್ಲಿದೆ ಅಂತ ಕರ್ನಲ್ ಬರೆಯುವವರ ಬಳಿ ಲೆಕ್ಕವಿಲ್ಲ. 2022ರಲ್ಲಿ, ಕರ್ನಲ್ ಬರೆಯುವ ಮ್ಯಾಥ್ಯೂ ವಿಲ್ಕಾಕ್ಸ್ ಅದನ್ನು ತೆಗೆಯುವ ಮಾತೆತ್ತಿದರು. ಎಲ್ಲ ಫೈಲ್ ಸಿಸ್ಟಮ್‌ಗಳಿಗೂ ಬೇಕಾದ ಒಂದು ಸುಧಾರಣೆಗೆ ರೈಸರ್‌ಎಫ್‌ಎಸ್ ಒಂದೇ ಅಡ್ಡ ನಿಂತಿತ್ತು. ಇನ್ನೂ ಬಳಸುತ್ತಿದ್ದೇವೆ, ಸಮಯ ಬೇಕು ಅಂದವರೂ ಇದ್ದರು. ಕೊನೆಗೆ 5.18 ಆವೃತ್ತಿಯಲ್ಲಿ, ಅಂಥ ಡಿಸ್ಕನ್ನು ಮೌಂಟ್ ಮಾಡಿದಾಗ (ಬಳಕೆಗೆ ಜೋಡಿಸಿದಾಗ) ‘2025ರಲ್ಲಿ ಇದು ಹೋಗುತ್ತದೆ’ ಅನ್ನುವ ಸಂದೇಶ ಕರ್ನಲ್ ಲಾಗ್‌ಗೆ, ಅಂದರೆ ಕರ್ನಲ್ ತನ್ನ ಸಂದೇಶ ಬರೆದಿಡುವ ದಾಖಲೆಗೆ, ಬೀಳುವಂತೆ ಮಾಡಿದರು. ಆದರೆ ಹಳೇ ಕರ್ನಲ್ ಇಟ್ಟುಕೊಂಡವರಿಗೆ ಆ ಸಂದೇಶ ಕಾಣುವುದೇ ಇಲ್ಲ. ಸರ್ವರ್‌ಗಳಲ್ಲಿ ವರ್ಷಗಟ್ಟಲೆ ಒಂದೇ ಕರ್ನಲ್ ಓಡುತ್ತಿರುತ್ತದೆ. ಹಾಗಾಗಿ ಮೂರು ವರ್ಷದ ಗಡುವು ಸುಮ್ನೆ ಇಟ್ಟದ್ದಲ್ಲ. 2025ರ ಜನವರಿಯಲ್ಲಿ ಬಂದ 6.13ರಲ್ಲಿ ರೈಸರ್‌ಎಫ್‌ಎಸ್ ಇರಲಿಲ್ಲ. 32 ಸಾವಿರಕ್ಕೂ ಹೆಚ್ಚು ಸಾಲು ಕೋಡ್ ಹೋಯಿತು.

ಇಟೇನಿಯಂ ಪ್ರೊಸೆಸರ್, ಫ್ಲಾಪಿ ಡಿಸ್ಕ್ ಬಗ್ಗೆ ಬರೆದ ಭಾಗ ನಾನು ಮುಟ್ಟಿಲ್ಲ. ಮೊದಲು ಈ ಮೂರು ಸಾಲುಗಳನ್ನು ಮೂರು ಪ್ಯಾರಾ ಮಾಡಿ. ತೆಗೆಯೋಣ ಅಂದವರು, ತಾಳಿ ಅಂದವರು, ಸುದ್ದಿಯೇ ಮುಟ್ಟದವರು, ಮೂವರೂ ಅದರಲ್ಲಿ ಬರಲಿ. ಬರೆದು ಕಳಿಸಿ, ನಾನೇ ಓದುತ್ತೇನೆ.