ರಾತ್ರಿಯಿಂದ ಉಪವಾಸವಿರುವ ರೋಗಿ ನೀರು ಕೇಳಿದರೆ

ಬೆಳಗ್ಗೆ 8ಕ್ಕಿದ್ದ ಆಪರೇಷನ್ ಮಧ್ಯಾಹ್ನ 2ಕ್ಕೆ ಹೋಗಿದೆ, ರಾತ್ರಿ 12ರಿಂದ ಏನೂ ಸೇವಿಸದ ರೋಗಿ ನೀರು ಕೇಳುತ್ತಿದ್ದಾರೆ, ಕೊಡಬಹುದಾ ಎಂದು ಕೇಳಿದ್ದೀರಿ. ಸುಮ್ಮನೆ ಕಾಯಿಸಬೇಡಿ, ಈಗಲೇ ಅರಿವಳಿಕೆ ವೈದ್ಯರಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಅರಿವಳಿಕೆಗೆ 2 ಗಂಟೆ ಮುಂಚಿನವರೆಗೂ ನೀರು, ಹಾಲಿಲ್ಲದ ಚಹಾದಂಥ ತಿಳಿ ದ್ರವ ಕೊಡಬಹುದು. ಹಗುರ ಊಟಕ್ಕೆ 6 ಗಂಟೆ, ಎದೆಹಾಲಿಗೆ 4 ಗಂಟೆ ಅಂತರ ಬೇಕು. ಹಸುವಿನ ಹಾಲು ತಿಳಿ ದ್ರವವಲ್ಲ, ಊಟದ ಲೆಕ್ಕ. ಎಷ್ಟೋ ಮನೆಯವರು ಎಡವುವುದು ಇಲ್ಲೇ.

ಆದರೆ ಕರುಳು ಕಟ್ಟಿದವರು, ವಾಂತಿ ಆಗುತ್ತಿರುವವರು, ತುರ್ತು ಆಪರೇಷನ್‌ನವರು ಇದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅವರ ಹೊಟ್ಟೆ ಖಾಲಿಯಾಗಿದೆ ಎಂದು ನಂಬುವಂತಿಲ್ಲ, ಒಳಗಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ನಿಮ್ಮ ರೋಗಿಗೆ ಸಕ್ಕರೆ ಕಾಯಿಲೆ ಇದೆಯಾ? ಇದ್ದರೆ ಮೊದಲು ಗ್ಲೂಕೋಸ್ ನೋಡಿ, ಇನ್ಸುಲಿನ್ ಬಗ್ಗೆಯೂ ಅದೇ ಫೋನಿನಲ್ಲಿ ಕೇಳಿ. ಅನುಮತಿ ಸಿಗುವವರೆಗೆ ಬಾಯಿ ಮುಕ್ಕಳಿಸಲು ಕೊಡಿ, ತುಟಿ ಒದ್ದೆ ಮಾಡಿ. ಕೊನೆಗೆ ಏನು, ಎಷ್ಟು ಹೊತ್ತಿಗೆ ಕುಡಿದರು ಎಂಬುದನ್ನು ಚಾರ್ಟ್‌ನಲ್ಲಿ ಗಂಟೆ ಸಮೇತ ಬರೆಯಿರಿ. ‘ಉಪವಾಸ’ ಅಂತಷ್ಟೇ ಬರೆದರೆ ಮುಂದಿನ ಪಾಳಿಯವರಿಗೆ ಏನೂ ತಿಳಿಯುವುದಿಲ್ಲ.