ಜಿಗಿದಾಗಲೆಲ್ಲ ಮೂತ್ರ ಸೋರುತ್ತದೆ, ಆಟ ಬಿಡಲೇ?

ಪ್ರಶ್ನೆ: ನಾನು ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ, ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ಕೆಲವು ತಿಂಗಳಿಂದ ರೀಬೌಂಡ್‌ಗೆ ಜಿಗಿದು ಕೆಳಗಿಳಿಯುವಾಗ ಸ್ವಲ್ಪ ಮೂತ್ರ ಸೋರುತ್ತದೆ. ಪ್ಯಾಡ್ ಹಾಕಿಕೊಂಡು, ನೀರು ಕುಡಿಯದೆ ಆಡುತ್ತೇನೆ. ಈಗೀಗ ಜಿಗಿಯುವುದೂ ಅರ್ಧ ಮನಸ್ಸಿನಿಂದಲೇ. ಅಮ್ಮ, “ಮದುವೆಯಾಗಬೇಕಾದವಳು, ಯಾರಿಗೂ ಹೇಳದೆ ಆಟ ಬಿಟ್ಟುಬಿಡು” ಎನ್ನುತ್ತಾರೆ. ಕೋಚ್ ಗಂಡಸರು, ಅವರಿಗೆ ಹೇಗೆ ಹೇಳಲಿ?
– ಹೆಸರು ಬೇಡ, ಮೈಸೂರು

ಉತ್ತರ: ಆಟ ಬಿಡುವ ಅಗತ್ಯವಿಲ್ಲ. ನೀರು ಕುಡಿಯದೆ ಆಡುವುದನ್ನು ಮಾತ್ರ ಇಂದೇ ನಿಲ್ಲಿಸಿ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಸೋಂಕಿಗೂ ದಾರಿಯಾಗುತ್ತದೆ, ಅಂಗಳದಲ್ಲಿ ಸುಸ್ತೂ ಬೇಗ ಆವರಿಸುತ್ತದೆ.

ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಜೋಲಿಯ ಹಾಗೆ ಹಿಡಿದಿಟ್ಟಿರುವ ಸ್ನಾಯುಗಳಿಗೆ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಜಿಗಿದು ನೆಲಕ್ಕಿಳಿಯುವಾಗ ದೇಹದ ತೂಕದ ಹಲವು ಪಟ್ಟು ಬಲ ನೆಲದಿಂದ ದೇಹಕ್ಕೆ ತಾಗಿ, ಅವುಗಳ ಮೇಲೂ ಒತ್ತಡ ಬೀಳುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಅವು ಬಿಗಿಯದಿದ್ದರೆ ಮೂತ್ರ ಸೋರುತ್ತದೆ. ಇದು ಹೆರಿಗೆಯಾದ ಹೆಂಗಸರ ಕಾಯಿಲೆಯೆಂಬ ನಂಬಿಕೆ ನಮ್ಮಲ್ಲಿದೆ. ಆದರೆ 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಒಮ್ಮೆಯೂ ಹೆರಿಗೆಯಾಗದ 144 ಕಾಲೇಜು ಕ್ರೀಡಾಪಟುಗಳ ಪೈಕಿ ಶೇ 28ರಷ್ಟು ಮಂದಿ ಆಡುವಾಗ ಮೂತ್ರ ಸೋರುತ್ತದೆಂದು ಹೇಳಿದ್ದರು. ನಿಮ್ಮದೇ ಆಟವಾದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದು ಶೇ 66ರಷ್ಟಿತ್ತು. ಪುಟಿಯುವ ಹಾಸಿನ ಮೇಲೆ ಜಿಗಿಯುವ ಸ್ವೀಡನ್ನಿನ ಟ್ರ್ಯಾಂಪೊಲಿನ್ ಪಟುಗಳಲ್ಲಂತೂ ಶೇ 80. ನಿಮ್ಮ ತಂಡದಲ್ಲೂ ಕಪ್ಪು ಶಾರ್ಟ್ಸ್‌ ಅನ್ನೇ ಆರಿಸಿಕೊಳ್ಳುವವರು ನೀವೊಬ್ಬರೇ ಇರಲಾರಿರಿ.

ಹಾಗೆಂದು ಸಾಮಾನ್ಯವಾದದ್ದನ್ನೆಲ್ಲ ಸಹಿಸಿಕೊಂಡಿರಬೇಕಿಲ್ಲ. ಅರ್ಧ ಮನಸ್ಸಿನಿಂದ ಜಿಗಿಯುತ್ತೇನೆ ಎಂದು ಬರೆದಿದ್ದೀರಲ್ಲ, ಚಿಕಿತ್ಸೆ ಪಡೆಯಲು ಅಷ್ಟೇ ಕಾರಣ ಸಾಕು. ಸೋರುವುದು ನಾಲ್ಕು ಹನಿಯೇ ಇರಬಹುದು; ಆದರೆ ಬಟ್ಟೆಯ ಬಣ್ಣ, ಬಸ್ಸಿನ ಪ್ರಯಾಣ, ಗೆಳತಿಯ ಪಕ್ಕದಲ್ಲಿ ಕೂರುವುದು, ಎಲ್ಲವನ್ನೂ ಅದರ ಲೆಕ್ಕದಲ್ಲೇ ತೂಗಿ ಬದುಕುವುದು ಸಣ್ಣ ಕಷ್ಟವಲ್ಲ.

ಮೊದಲು ಸ್ತ್ರೀರೋಗ ತಜ್ಞೆಯನ್ನು ಕಂಡು ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಿ. ಉರಿ, ರಕ್ತ ಅಥವಾ ಕಾಲು ಜೋಮು ಹಿಡಿಯುವುದು ಇದ್ದರೆ ತಡಮಾಡಬೇಡಿ. ಮುಟ್ಟು ತಪ್ಪುತ್ತಿದ್ದರೆ, ತರಬೇತಿಗೆ ತಕ್ಕಷ್ಟು ಊಟ ಮಾಡುತ್ತಿಲ್ಲವಾದರೆ ಅದನ್ನೂ ಮುಚ್ಚಿಡದೆ ಹೇಳಿ. ಆಮೇಲೆ ಈ ಸ್ನಾಯುಗಳ ಚಿಕಿತ್ಸೆಯಲ್ಲಿ ಪಳಗಿದ ಫಿಸಿಯೋಥೆರಪಿಸ್ಟ್ ಬೇಕು. ಒಳಪರೀಕ್ಷೆಯ ಭಯ ನಿಮಗಿದ್ದರೆ ಅದು ಬೇಡವೆನ್ನುವ ಹಕ್ಕು ನಿಮಗಿದೆ. ಹೊಟ್ಟೆಯ ಮೇಲಿನಿಂದ ಮಾಡುವ ಅಲ್ಟ್ರಾಸೌಂಡ್‌ನಲ್ಲೂ ಸ್ನಾಯು ಎತ್ತಿಕೊಳ್ಳುವುದನ್ನು ನೋಡಬಹುದು.

ವ್ಯಾಯಾಮ ಹೀಗಿರುತ್ತದೆ: ಗುದದಿಂದ ಗಾಳಿ ಹೋಗದಂತೆ ತಡೆಯುವಾಗ ಬಿಗಿಯುವ ಸ್ನಾಯುವನ್ನು, ಉಸಿರು ಕಟ್ಟದೆ, ಪೃಷ್ಠವನ್ನು ಬಿಗಿಯದೆ, ಒಳಗೆ ಮೇಲಕ್ಕೆ ಎಳೆದು ಹಿಡಿದು, ಪೂರ್ತಿ ಸಡಿಲ ಬಿಡಬೇಕು. ಒಂದು ಸಲಕ್ಕೆ ಕನಿಷ್ಠ 8 ಬಾರಿಯಂತೆ ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು ಮಾಡುವುದು ರೂಢಿ. ಮುಂದೆ, ಜಿಗಿಯುವ ಮುನ್ನವೇ ಬಿಗಿಯುವುದನ್ನೂ ಕಲಿಸುತ್ತಾರೆ. ಯೂಟ್ಯೂಬ್ ನೋಡಿ ಸ್ವಂತವಾಗಿ ಶುರುಮಾಡಬೇಡಿ ಎನ್ನುವುದಕ್ಕೆ ಕಾರಣವಿದೆ: ಕೆಲವು ಕ್ರೀಡಾಪಟುಗಳಲ್ಲಿ ಈ ಸ್ನಾಯು ಸದಾ ಬಿಗಿದೇ ಇರುವುದರಿಂದ, ಅವರು ಮೊದಲು ಕಲಿಯಬೇಕಾದದ್ದು ಸಡಿಲಿಸುವುದನ್ನು.

ಕೋಚ್‌ಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಿಲ್ಲ. “ಫಿಸಿಯೋ ಚಿಕಿತ್ಸೆ ನಡೆಯುತ್ತಿದೆ ಸರ್, ಕೆಲವು ವಾರ ಜಿಗಿತದ ಡ್ರಿಲ್ ಕಡಿಮೆ ಮಾಡಬೇಕು, ನಡುವೆ ಒಮ್ಮೆ ಶೌಚಾಲಯಕ್ಕೆ ಹೋಗಿಬರುತ್ತೇನೆ” ಎಂದರೆ ಸಾಕು. ಅಲ್ಲಿಯವರೆಗೆ ಪಂದ್ಯದ ದಿನ ಪ್ಯಾಡ್ ಇರಲಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಅಮ್ಮನೊಂದಿಗೆ ವಾದಿಸಲು ಹೋಗದೆ, ಅವರನ್ನೂ ವೈದ್ಯರ ಬಳಿಗೆ ಕರೆದೊಯ್ಯಿರಿ. ಹೆರಿಗೆಯಾದ ಎಷ್ಟೋ ಹೆಂಗಸರು ಕೆಮ್ಮಿದಾಗ, ಸೀನಿದಾಗ ಇದನ್ನೇ ಅನುಭವಿಸುತ್ತಾ ವರ್ಷಗಟ್ಟಲೆ ಸುಮ್ಮನಿರುತ್ತಾರೆ. ನಿಮ್ಮ ಅಮ್ಮನಿಗೂ ಕೇಳಬೇಕಾದದ್ದು ಏನಾದರೂ ಇರಬಹುದು.