ಮನೆಗೆ ನರ್ಸ್ ಬೇಕಾ, ಆಯಾ ಸಾಕಾ?

(ಜಿಲ್ಲಾ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತರಾದ ನಮ್ಮ ಅಂಕಣಕಾರ್ತಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಮ್ಮ ಮಾವನವರಿಗೆ 76 ವರ್ಷ. ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ನುಂಗಲು ಆಗದ್ದರಿಂದ ಮೂಗಿಗೆ ಟ್ಯೂಬ್ ಹಾಕಿದ್ದಾರೆ, ಮೂತ್ರಕ್ಕೂ ಪೈಪ್ ಇದೆ. ಮುಂದಿನ ವಾರ ಡಿಸ್ಚಾರ್ಜ್. ನಾನೂ ನಮ್ಮವರೂ ಕೆಲಸಕ್ಕೆ ಹೋಗುವವರು. ಒಂದು ಏಜೆನ್ಸಿಯವರು ‘24 ಗಂಟೆ ಹೋಂ ನರ್ಸ್ ಕಳಿಸ್ತೀವಿ, ಎಲ್ಲಾ ಅವರೇ ನೋಡ್ಕೋತಾರೆ’ ಅನ್ನುತ್ತಿದ್ದಾರೆ. ಒಂದು ತಿಂಗಳ ಮುಂಗಡ ಕೇಳಿದ್ದಾರೆ. ಒಪ್ಪಿಕೊಳ್ಳಬಹುದಾ?
– ಓದುಗರು, ದಾವಣಗೆರೆ

ಉತ್ತರ: ದುಡ್ಡು ಕೊಡುವ ಮುಂಚೆ ಒಂದು ಹಾಳೆ ತಗೊಂಡು ಮಾವನವರ ಇಡೀ ದಿನ ಬರೆಯಿರಿ. ಬೆಳಿಗ್ಗೆ ಮೈ ಒರೆಸುವುದು, ಡೈಪರ್ ಬದಲಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು, ಟ್ಯೂಬಲ್ಲಿ ಆಹಾರ ಕೊಡುವುದು, ಮೂತ್ರದ ಚೀಲ ಖಾಲಿ ಮಾಡುವುದು, ಮಾತ್ರೆ, ಬಿಪಿ. ಬರೆದು ಮುಗಿಸಿದಾಗ ಗೊತ್ತಾಗುತ್ತೆ, ಇದರಲ್ಲಿ ಹೆಚ್ಚಿನದು ತರಬೇತಿ ಇರುವ ಒಳ್ಳೆ ಆಯಾ ಮಾಡುವ ಕೆಲಸ. ಟ್ಯೂಬ್ ಬದಲಿಸುವುದು, ಮೂತ್ರದ ಪೈಪ್ ಬದಲಿಸುವುದು, ಇಂಜೆಕ್ಷನ್, ಗಾಯದ ಡ್ರೆಸ್ಸಿಂಗ್ ಮಾತ್ರ ನರ್ಸ್ ಕೆಲಸ. ಅದಕ್ಕೆ ಅವರು ಬೇಕಾದಾಗ ಬಂದು ಹೋದರೆ ಸಾಕು.

ಏಜೆನ್ಸಿಯವರು ಕಳಿಸುವ ‘ಹೋಂ ನರ್ಸ್’ ಬಹಳ ಸಲ ಆಯಾನೇ. ಅದು ತಪ್ಪಲ್ಲ. ಆದರೆ ನರ್ಸ್ ದರ ಕೇಳಿದರೆ ದಾಖಲೆಯನ್ನೂ ಕೇಳಿ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷದ ಓದು, ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷದ್ದು. ಓದಿದವರಿಗೆ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತೆ. ನಂಬರ್ ಕೇಳಿದ ತಕ್ಷಣ ‘ಅವರಿಗೆ ಹತ್ತು ವರ್ಷ ಅನುಭವ ಇದೆ ಮೇಡಂ’ ಅಂತ ಮಾತು ತಿರುಗಿಸಿದರೆ, ಉತ್ತರ ಸಿಕ್ಕಿತು ಅಂದ್ಕೊಳ್ಳಿ.

ನನ್ನ ಮುಖ್ಯ ಸಲಹೆ ಇದು: ಡಿಸ್ಚಾರ್ಜ್‌ಗೆ ಎರಡು ದಿನ ಮೊದಲೇ ಆ ಆಯಾ ವಾರ್ಡಿಗೆ ಬರಲಿ. ಆ ಎರಡು ದಿನದ ಸಂಬಳ ಕೊಡಿ, ನಷ್ಟವೇನಿಲ್ಲ. ವಾರ್ಡ್ ಸಿಸ್ಟರ್ ಎದುರು ಅವಳ ಕೈಯಲ್ಲೇ ಟ್ಯೂಬಿಗೆ ಆಹಾರ ಹಾಕಿಸಿ, ಪಕ್ಕದಲ್ಲಿ ನೀವೂ ನಿಂತು ಕಲಿಯಿರಿ. ಏನು ನೋಡಬೇಕು ಅಂದ್ರೆ, ತಲೆಯ ಕಡೆ ಮಂಚ ಏರಿಸುತ್ತಾಳಾ? ಟ್ಯೂಬ್ ಮೂಗಿನ ಹತ್ತಿರ ಹಾಕಿದ ಗುರುತಿನಲ್ಲೇ ಇದೆಯಾ ಅಂತ ನೋಡುತ್ತಾಳಾ? ಸಿರಿಂಜಿನಿಂದ ಮೊದಲು ಹೊಟ್ಟೆಯ ದ್ರವ ಸ್ವಲ್ಪ ಎಳೆದು ನೋಡಿ, ಆಮೇಲೆ ಆಹಾರವನ್ನು ಒತ್ತದೆ ತಾನಾಗಿ ಇಳಿಯಲು ಬಿಡುತ್ತಾಳಾ? ಕೊನೆಗೆ ನೀರು ಹಾಕಿ ಟ್ಯೂಬ್ ತೊಳೆಯುತ್ತಾಳಾ? ಮುಗಿದ ಮೇಲೆ ಅರ್ಧ ಗಂಟೆಯಾದರೂ ಮಲಗಿಸದೆ ಒರಗಿಸಿಯೇ ಇಡಬೇಕು. ಬೇಗ ಮುಗಿಸೋಣ ಅಂತ ಸಿರಿಂಜ್ ಒತ್ತುವ ಕೈ ನಿಮ್ಮ ಮನೆಗೆ ಬೇಡ. ಆಹಾರ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತೆ, ಮತ್ತೆ ಅದೇ ಆಸ್ಪತ್ರೆ.

ಎಬ್ಬಿಸುವ ರೀತಿಯನ್ನೂ ನೋಡಿ. ಸ್ವಾಧೀನವಿಲ್ಲದ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರಬಹುದು. ಪಾಪ, ಮನೆಯವರೇ ಪ್ರೀತಿಯಿಂದ ‘ಏಳಪ್ಪಾ’ ಅಂತ ಆ ಕೈ ಹಿಡಿದು ಎಳೆಯುವುದನ್ನು ನಾನು ವಾರ್ಡಿನಲ್ಲಿ ಎಷ್ಟೋ ಸಲ ತಡೆದಿದ್ದೇನೆ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಏರ್ ಬೆಡ್ ಹಾಕಿದ್ದೀವಲ್ಲ ಅಂತ ಮಗ್ಗುಲು ತಿರುಗಿಸುವುದನ್ನು ಬಿಡಬೇಡಿ. ಸೊಂಟದ ಹಿಂಭಾಗ, ಹಿಮ್ಮಡಿ ದಿನಾ ನೋಡಿ. ಕೆಂಪಗಾದ ಜಾಗ ಬೆರಳಲ್ಲಿ ಒತ್ತಿದರೂ ಬೆಳ್ಳಗಾಗದಿದ್ದರೆ ಅದು ಬೆಡ್ ಸೋರ್ (ಮಲಗಿದ್ದಲ್ಲೇ ಆಗುವ ಹುಣ್ಣು) ಶುರು.

ಫಿಸಿಯೋಥೆರಪಿಗೆ ಮಾತ್ರ ದುಡ್ಡು ಉಳಿಸಬೇಡಿ. ಸ್ಟ್ರೋಕ್ ಆದವರು ಹೆಚ್ಚು ಚೇತರಿಸಿಕೊಳ್ಳುವುದು ಮೊದಲ ಕೆಲವು ತಿಂಗಳಲ್ಲೇ. ಬಜೆಟ್ ಕಡಿಮೆ ಇದ್ದರೆ ದುಬಾರಿ ‘ನರ್ಸ್ ಪ್ಯಾಕೇಜ್’ ಬಿಡಿ. ಆಯಾ ಇಟ್ಟುಕೊಂಡು, ಉಳಿದ ದುಡ್ಡಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿದ ಫಿಸಿಯೋಥೆರಪಿಸ್ಟ್ ಕರೆಸಿ. ನುಂಗುವುದನ್ನು ಮತ್ತೆ ಕಲಿಸಲು ಸ್ಪೀಚ್ ಥೆರಪಿಸ್ಟ್ ಇರುತ್ತಾರೆ. ಅವರು ಪರೀಕ್ಷಿಸಿ ಹೇಳುವವರೆಗೆ ಯಾರ ಮಾತು ಕೇಳಿಯೂ ಬಾಯಿಗೆ ಗಂಜಿ ಹಾಕಬೇಡಿ.

ಇನ್ನು 24 ಗಂಟೆಯ ಮಾತು. ಯಾವ ಮನುಷ್ಯರೂ 24 ಗಂಟೆ ಎಚ್ಚರ ಇರಲ್ಲ, ಅಲ್ವಾ? ರಾತ್ರಿ ಮಗ್ಗುಲು ಬದಲಿಸುವವರು ಯಾರು, ವಾರದ ರಜೆಯ ದಿನ ಯಾರು ಬರುತ್ತಾರೆ, ಮುಂಚೆಯೇ ಮಾತಾಡಿ. ಮುಂಗಡ ಎಷ್ಟು ವಾಪಸ್ ಬರುತ್ತೆ, ಒಬ್ಬರು ಬಿಟ್ಟು ಹೋದರೆ ಎಷ್ಟು ದಿನದಲ್ಲಿ ಬದಲಿ ಕಳಿಸುತ್ತಾರೆ, ಇದೆಲ್ಲ ಬರಹದಲ್ಲಿರಲಿ. ಬಾಯಿಮಾತು ಬೇಡ. ನಿಮ್ಮ ದುಡ್ಡಿನಲ್ಲಿ ಆ ಹೆಣ್ಣುಮಗಳ ಕೈಗೆ ಎಷ್ಟು ಸೇರುತ್ತೆ ಅಂತಲೂ ಕೇಳಿ. ಬಹಳ ಕಡಿಮೆ ಸಿಗುವವಳು ಹೆಚ್ಚು ದಿನ ನಿಲ್ಲುವುದಿಲ್ಲ. ಆಧಾರ್ ಪ್ರತಿ, ಪೊಲೀಸ್ ವೆರಿಫಿಕೇಶನ್ ಕೇಳುವುದರಲ್ಲಿ ಸಂಕೋಚ ಬೇಡ. ಬೀರುವಿಗೆ ಬೀಗ ಹಾಕಿಡಿ. ಆಮೇಲೆ ಒಂದು ಉಂಗುರ ಕಾಣದಿದ್ದಾಗ ಸುಮ್ನೆ ಅವಳ ಮೇಲೆ ಅನುಮಾನ ಪಡುವುದು ತಪ್ಪುತ್ತೆ.

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್. ಇನ್ನು ಚಿಕಿತ್ಸೆ ಇಲ್ಲ, ಮನೆಗೆ ಕರಕೊಂಡು ಹೋಗಿ ಅಂದಿದ್ದಾರೆ. ರಾತ್ರಿ ನೋವು ತಡೆಯಲಾಗುತ್ತಿಲ್ಲ. ಯಾರನ್ನು ಕರೆಯಲಿ?
– ಓದುಗರು, ಬೆಂಗಳೂರು

ಉತ್ತರ: ನಿಮಗೆ ಬೇಕಾಗಿರುವುದು ಏಜೆನ್ಸಿ ಅಲ್ಲ, ಪ್ಯಾಲಿಯೇಟಿವ್ ಕೇರ್ ತಂಡ. ಗುಣವಾಗದ ಕಾಯಿಲೆಯಲ್ಲೂ ನೋವು, ವಾಂತಿ, ಉಸಿರಿನ ಕಷ್ಟ ಕಡಿಮೆ ಮಾಡುವವರು ಅವರು. ನಿಮ್ಮ ಊರಲ್ಲೇ ‘ಕರುಣಾಶ್ರಯ’ ಅನ್ನುವ ಇಂಥ ಆರೈಕೆ ಕೇಂದ್ರ ಇದೆ. ಕ್ಯಾನ್ಸರ್ ರೋಗಿಗಳಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ, ಮನೆಗೂ ತಂಡ ಕಳಿಸುತ್ತಾರೆ. ಡಿಸ್ಚಾರ್ಜ್ ಹಾಳೆ, ಬಯಾಪ್ಸಿ ವರದಿ ಕೈಯಲ್ಲಿಟ್ಟುಕೊಂಡು ಇವತ್ತೇ ಫೋನ್ ಮಾಡಿ. ವೈದ್ಯರು ನೋವಿಗೆ ಮಾರ್ಫಿನ್ ಮಾತ್ರೆ ಬರೆದರೆ ‘ಚಟ ಹಿಡಿಯುತ್ತೆ’ ಅಂತ ನೆಂಟರು ಹೆದರಿಸಬಹುದು. ಕಿವಿಗೆ ಹಾಕಿಕೊಳ್ಳಬೇಡಿ. ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ, ನೋವು ಜೋರಾಗಲಿ ಅಂತ ಕಾಯಬೇಡಿ. ಮಲಬದ್ಧತೆ ಆಗೇ ಆಗುತ್ತೆ, ಅದರ ಔಷಧಿಯನ್ನೂ ಜೊತೆಗೇ ಬರೆಸಿಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಇಟ್ಟುಕೊಂಡ ಆಯಾ ಸಂಬಳವನ್ನು ಆರೋಗ್ಯ ವಿಮೆ ಕೊಡುತ್ತಾ?
– ಓದುಗರು, ಶಿರಸಿ

ಉತ್ತರ: ಸಾಮಾನ್ಯವಾಗಿ ಇಲ್ಲ. ಕೆಲವು ಪಾಲಿಸಿಗಳಲ್ಲಿ ‘ಡೊಮಿಸಿಲಿಯರಿ’ ಅಂತ ಇರುತ್ತೆ. ಅದು ಆಸ್ಪತ್ರೆಯಲ್ಲೇ ಕೊಡಬೇಕಾದ ಚಿಕಿತ್ಸೆಯನ್ನು, ಹಾಸಿಗೆ ಸಿಗದೆಯೋ ರೋಗಿಯನ್ನು ಸಾಗಿಸಲಾಗದೆಯೋ ಮನೆಯಲ್ಲಿ ಕೊಟ್ಟಾಗ ಮಾತ್ರ. ವೈದ್ಯರ ಚೀಟಿ ಬೇಕೇ ಬೇಕು. ಡಿಸ್ಚಾರ್ಜ್ ಆದ ನಂತರದ ಔಷಧಿ, ಪರೀಕ್ಷೆಗಳಿಗೆ ಪಾಲಿಸಿಯಲ್ಲಿ ಹೇಳಿದಷ್ಟು ದಿನ ಹಣ ಸಿಗಬಹುದು, ಹಾಗಾಗಿ ಆ ಬಿಲ್‌ಗಳನ್ನು ಎಸೆಯಬೇಡಿ.